ಕೊಂಡ ಪೆಟ್ಟಿಗೆ, ಕಟ್ಟಿದ ಪೆಟ್ಟಿಗೆ

ಹೊರದೇಶದ ಸರಕನ್ನು ಬೈಯುವುದರಲ್ಲಿ ಒಂದು ಸುಖವಿದೆ. ಊರಿನ ಸರಕು ಮಾರುವವನು ಗಾದಿಯ ಮೇಲೆ ಕಾಲು ಮಡಿಚಿ ಕೂತು ಬೈದರೆ ಆ ಸುಖಕ್ಕೆ ಸ್ವಲ್ಪ ಪುಣ್ಯವೂ ಸೇರಿಕೊಳ್ಳುತ್ತದೆ. ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ನಮ್ಮದು ಮುಂದೆ ಸೀರೆ ಅಂಗಡಿ, ಹಿಂದೆ ಮನೆ, ಎರಡರ ನಡುವೆ ಒಂದು ಜೊತೆ ಮಗ್ಗ. ನಾನು ನೇಯುವವನಲ್ಲ, ಸೀರೆಯ ಅಂಚಿಗೂ ಸೆರಗಿಗೂ ಚೌಕಳಿ ಹಾಳೆಯ ಮೇಲೆ ನಮೂನೆ ಬರೆಯುವವನು, ಬರೆದು ಉಳಿದ ಹೊತ್ತಿನಲ್ಲಿ ಮಾರುವವನು. ಬಂದ ಗಿರಾಕಿಗೆ ನಾನು ಒಪ್ಪಿಸುವ ಮೊದಲ ಪಾಠವೇ ಚೀನಾದ ನೂಲಿನ ಮೇಲೆ. ಅದು ಮಿಂಚುತ್ತದೆ, ಆದರೆ ಮಾತಾಡುವುದಿಲ್ಲ. ನಮ್ಮ ರೇಷ್ಮೆಯನ್ನು ಕಿವಿಯ ಹತ್ತಿರ ಹಿಡಿದು ಹಿಸುಕಿ ನೋಡಿ, ತರಗೆಲೆಯ ಮೇಲೆ ಯಾರೋ ಬರಿಗಾಲಲ್ಲಿ ನಡೆದ ಹಾಗೆ ಕೇಳುತ್ತದೆ ಎನ್ನುತ್ತೇನೆ. ಹೆಂಗಸರು ಸೀರೆಯನ್ನು ಕಿವಿಗೆ ಹಿಡಿದು ಹಿಸುಕುತ್ತಾರೆ. ಹೌದೆಂದು ತಲೆಯಾಡಿಸುತ್ತಾರೆ. ಆಮೇಲೆ ಪಕ್ಕದ ಅಂಗಡಿಗೆ ಹೋಗಿ ಆ ಮಾತಾಡದ ಸೀರೆಯನ್ನೇ ಕೊಂಡುಕೊಳ್ಳುತ್ತಾರೆ.

ಇಂಥ ನಾನು, ಹೋದ ವರ್ಷ ಅದೇ ಗಾದಿಯ ಮೇಲೆ ಕೂತು, ಒಂದು ಕೈಯಲ್ಲಿ ಗಿರಾಕಿಗೆ ಸೆರಗು ಬಿಡಿಸಿ ತೋರಿಸುತ್ತ, ಇನ್ನೊಂದು ಕೈಯ ಹೆಬ್ಬೆರಳಿನಿಂದ ಫೋನು ಒತ್ತಿ, ಚೀನಾದಲ್ಲಿ ತಯಾರಾದ ಗಿಟಾರ್ ಆಂಪ್ಲಿಫೈಯರ್ ಒಂದನ್ನು ತರಿಸಿಕೊಂಡೆ.

ಗಿಟಾರು ನನ್ನ ಬಾಳಿಗೆ ಬಂದದ್ದೇ ತಡವಾಗಿ. ತಲೆಗೂದಲು ನೆರೆತ ಮೇಲೆ. ಹೊಸ ಕನ್ನಡಕ ಮಾಡಿಸಿಕೊಳ್ಳಲು ಮೈಸೂರಿಗೆ ಹೋಗಿದ್ದೆ. ಹಳೆಯದನ್ನು ಅಂಗಡಿಯವರು ಅಳತೆಗೆ ಇಟ್ಟುಕೊಂಡಿದ್ದರಿಂದ ಲೋಕವೆಲ್ಲ ಹಾಲಿನಲ್ಲಿ ಅದ್ದಿದಂತೆ ಮಬ್ಬಾಗಿತ್ತು. ಆ ಮಬ್ಬಿನಲ್ಲಿ ಬೀದಿ ಸುತ್ತುವಾಗ ವಾದ್ಯಗಳ ಅಂಗಡಿಯ ಗಾಜಿನ ಹಿಂದೆ ಏನೋ ಕಂಡಿತು: ಅರಗಿನ ಕೆಂಪು ಮೈ, ಹೊಂಬಣ್ಣದ ಅಂಚು. ಸೀರೆ ಎಂದುಕೊಂಡು ಒಳಗೆ ಹೋದೆ. ಗಿಟಾರು ಹಿಡಿದುಕೊಂಡು ಹೊರಗೆ ಬಂದೆ. ಕನ್ನಡಕ ಬಂದ ಮೇಲೆ ನೋಡಿದರೂ ಅದು ಚೆನ್ನಾಗಿಯೇ ಕಂಡಿತು ಎಂಬುದಷ್ಟೇ ಸಮಾಧಾನ.

ಆದರೆ ಎಲೆಕ್ಟ್ರಿಕ್ ಗಿಟಾರಿಗೆ ಹೊಟ್ಟೆ ಇರುವುದಿಲ್ಲ. ವೀಣೆಗೆ, ತಂಬೂರಿಗೆ, ಕಂಸಾಳೆಯವರ ಜೊತೆ ಬಡಿಯುವ ದಮ್ಮಡಿಗೆ ಕೂಡ ಒಂದು ಟೊಳ್ಳು ಇರುತ್ತದೆ. ದನಿ ಅಲ್ಲಿ ಹೋಗಿ ಸುತ್ತಿ ದೊಡ್ಡದಾಗಿ ಹೊರಗೆ ಬರುತ್ತದೆ. ಈ ಗಿಟಾರಿನದು ಗಟ್ಟಿ ಹಲಗೆಯ ಮೈ. ತಂತಿ ಮೀಟಿದರೆ ಪಕ್ಕದ ಕೋಣೆಯಲ್ಲಿ ಸೊಳ್ಳೆ ಹಾರಿದಷ್ಟು ಸದ್ದು. ಅದರ ಹೊಟ್ಟೆ ಹೊರಗೆ, ಬೇರೆ ಪೆಟ್ಟಿಗೆಯಲ್ಲಿ ಇರುತ್ತದೆ, ಆ ಪೆಟ್ಟಿಗೆಯನ್ನು ಬೇರೆಯಾಗಿ ಕೊಳ್ಳಬೇಕು ಎಂಬುದು ನನಗೆ ಗೊತ್ತಾದದ್ದು ಮನೆಗೆ ಬಂದ ಮೇಲೆ. ಪುಸ್ತಕದ ಕನ್ನಡದಲ್ಲಿ ಆ ಪೆಟ್ಟಿಗೆಗೆ ಧ್ವನಿವರ್ಧಕ ಎನ್ನುತ್ತಾರೆ. ಧ್ವನಿಯನ್ನು ಬೆಳೆಸುವಂಥದ್ದು. ವರ್ಧಕ, ವೃದ್ಧಿ, ವೃದ್ಧ ಎಲ್ಲ ಒಂದೇ ಬೇರಿನ ಚಿಗುರುಗಳಂತೆ. ಅಂದರೆ ಬೆಳೆಯುವುದಕ್ಕೂ ಮುದಿಯಾಗುವುದಕ್ಕೂ ನಮ್ಮ ಹಿರಿಯರು ಹೆಚ್ಚು ವ್ಯತ್ಯಾಸ ಮಾಡಿರಲಿಲ್ಲ. ಮೂಕ ಗಿಟಾರನ್ನು ಎದೆಗೆ ಒತ್ತಿಕೊಂಡು, ಗದ್ದವನ್ನು ಅದರ ಹಲಗೆಗೆ ಊರಿ, ಮೂಳೆಯ ಮೂಲಕ ಬರುವ ನಾದವನ್ನು ಕೇಳುತ್ತ ನಾನು ಇಂಥದ್ದನ್ನೆಲ್ಲ ಯೋಚಿಸುತ್ತಿದ್ದೆ. ಹಾಗೆ ಕೇಳಿದರೆ ಬಹಳ ಚೆನ್ನಾಗಿರುತ್ತದೆ. ನುಡಿಸುವವನಿಗೆ ಮಾತ್ರ ಕೇಳುವ ಸಂಗೀತದಲ್ಲಿ ಅಪಸ್ವರವೇ ಇರುವುದಿಲ್ಲ.

ನನ್ನ ಹೆಂಡತಿ ಸರೋಜ ಯಳಂದೂರಿನ ಸರ್ಕಾರಿ ಶಾಲೆಯಲ್ಲಿ ಟೀಚರು. ದಿನಾ ಬೆಳಗ್ಗೆ ಕೊಳ್ಳೇಗಾಲದಿಂದ ಬಸ್ಸು ಹತ್ತಿ ಹೋಗುತ್ತಾಳೆ. ಅವಳಿಗೆ ದೇವರು ವರ್ಧಕವನ್ನು ಗಂಟಲಿನಲ್ಲೇ ಇಟ್ಟು ಕಳಿಸಿದ್ದ. ಅವಳು ಅಡುಗೆಮನೆಯಿಂದ ನನ್ನನ್ನು ಊಟಕ್ಕೆ ಕರೆದರೆ ಆಚೆ ಮನೆ ಈಚೆ ಮನೆಯವರೂ ಕೈ ತೊಳೆಯುತ್ತಿದ್ದರು. ಸಂಜೆ ದೀಪ ಹಚ್ಚಿ ಅವಳು ಹಾಡಿಕೊಳ್ಳುವಾಗ ಮಗ್ಗದವರು ಕಾಲಿನ ಲಯವನ್ನು ಅದಕ್ಕೆ ಹೊಂದಿಸಿಕೊಳ್ಳುತ್ತಿದ್ದರು. ಆ ಹೊತ್ತಿನಲ್ಲಿ ನೇಯ್ದ ಸೀರೆಗಳು ಬೇರೆಯದಕ್ಕಿಂತ ಮೆತ್ತಗೆ ಬರುತ್ತವೆ ಎಂದು ನನಗೊಂದು ನಂಬಿಕೆ. ಇದನ್ನು ಮಾತ್ರ ಗಿರಾಕಿಗಳಿಗೆ ಹೇಳಿಲ್ಲ.

ಆಂಪ್ಲಿಫೈಯರು ಬಂತು. ಬಿಸ್ಕತ್ತಿನ ಪೊಟ್ಟಣದಷ್ಟು ದೊಡ್ಡದು. ಸೊಂಟಕ್ಕೆ ಸಿಕ್ಕಿಸಿಕೊಳ್ಳಲು ಹಿಂದೆ ಒಂದು ಕ್ಲಿಪ್ಪು, ಒಳಗೆ ಸೆಲ್ಲು, ತಲೆಯ ಮೇಲೆ ದನಿ ಏರಿಸುವ ತಿರುಪು, ಪಕ್ಕದಲ್ಲಿ ಇರುವೆಯಷ್ಟು ಒಂದು ಸ್ವಿಚ್ಚು. ಆ ಸ್ವಿಚ್ಚನ್ನು ಸರಿಸಿದರೆ ದನಿ ಒಡೆದು, ಹರಿದು, ಗೊರಗೊರ ಎನ್ನುತ್ತದೆ. ಕೆಟ್ಟಿದೆ ಎಂದುಕೊಂಡೆ. ಅಲ್ಲವಂತೆ, ಗಿಟಾರಿನವರಿಗೆ ಹರಿದ ದನಿಯೇ ಬೇಕಂತೆ, ಅದಕ್ಕಾಗಿಯೇ ಸ್ವಿಚ್ಚು ಕೊಡುತ್ತಾರಂತೆ. ಎಲ್ಲೂ ಹರಿದಿಲ್ಲ ಎಂದು ಬಿಡಿಸಿ ತೋರಿಸಿ ಮಾರುವ ಕಸುಬಿನವನಿಗೆ ಇದು ಅರಗಲು ಸ್ವಲ್ಪ ದಿನ ಹಿಡಿಯಿತು. ಸ್ವಿಚ್ಚು ಮುಟ್ಟದೆ ನುಡಿಸಿದರೆ ಡಬ್ಬಿಯೊಳಗೆ ಕೂತ ಯಾರೋ ಮೂಗಿನಲ್ಲಿ ಹಾಡಿದ ಹಾಗೆ ಕೇಳುತ್ತಿತ್ತು.

ಅದನ್ನು ಮಾದೇವನಿಗೆ ತೋರಿಸಿದೆ. ಮಾದೇವ ನನ್ನ ಹೈಸ್ಕೂಲು ಗೆಳೆಯ, ಹನೂರಿನವನು. ಅವನ ಅಪ್ಪನ ಕಾಲದಿಂದ ಮೈಕ್ ಸೆಟ್ ಬಾಡಿಗೆಗೆ ಕೊಡುವ ಮನೆತನ. ಮದುವೆ, ನಾಮಕರಣ, ನಾಟಕ ಯಾವುದಾದರೂ ಅವರ ಕೊಳವೆ ಸ್ಪೀಕರು ಮರಕ್ಕೆ ಏರಲೇಬೇಕಿತ್ತು. ಈಗ ಲಾರಿಯ ತುಂಬ ಸ್ಪೀಕರು ಹೇರಿಕೊಂಡು ಎದೆ ನಡುಗಿಸುವವರು ಬಂದ ಮೇಲೆ ಅವನನ್ನು ಕರೆಯುವವರು ಕಡಿಮೆ. ಅವನು ಜೋಳ, ಅರಿಸಿನ ಎಂದು ಹೊಲದಲ್ಲಿ ಇರುತ್ತಾನೆ; ಆದರೆ ಶೆಡ್ಡಿನಲ್ಲಿ ಹಳೆಯ ಸಾಮಾನೆಲ್ಲ ಒರೆಸಿ ಇಟ್ಟಿದ್ದಾನೆ. ಅವನು ನನ್ನ ಪೆಟ್ಟಿಗೆಯನ್ನು ಅಂಗೈಯಲ್ಲಿ ಇಟ್ಟು ತೂಗಿದ, ಮೂಸಿದ, ಹಿಂದಿನ ತಿರುಪು ಬಿಚ್ಚಿ ಒಳಗೆ ಇಣುಕಿದ.

“ಇದ್ರೊಳ್ಗೆ ಏನೂ ಇಲ್ಲ ಕಣ್ಲಾ ಪುಟ್ಸಾಮಿ,” ಎಂದ. “ಬೀಡಿ ಕಟ್ಟಿನಷ್ಟು ಸಾಮಾನು ಅದ, ಮಿಕ್ಕಿದ್ದೆಲ್ಲ ಗಾಳಿ. ನಾವೇ ಒಂದು ಮಾಡನ ಬುಡು.”

ಮಾಡನ ಬುಡು ಎಂಬ ಎರಡು ಮಾತು ಎಷ್ಟು ಸುಲಭ. ಅದಕ್ಕೆ ನಾನು ಒಪ್ಪಿದ್ದಕ್ಕೆ ಕಾರಣ ನನ್ನ ಅಂಗಡಿಯ ಪಾಠವೇ. ಕೈಯಲ್ಲಿ ಮಾಡಿದ್ದಕ್ಕೆ ಜೀವವಿರುತ್ತದೆ ಎಂದು ಅಷ್ಟು ವರ್ಷ ಹೇಳಿ ಹೇಳಿ, ಕೊನೆಗೆ ನನಗೇ ಅದು ನಂಬಿಕೆಯಾಗಿಬಿಟ್ಟಿತ್ತು. ಅಲ್ಲಿಂದ ಪ್ರತಿ ಭಾನುವಾರ ನನ್ನ ಪಯಣ ಹನೂರಿಗೆ. ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ಬಸ್ಸಿನಲ್ಲಿ, ಹರಕೆ ಹೊತ್ತ ಭಕ್ತರ ನಡುವೆ ನಾನೊಬ್ಬ ಬೇರೆ ಹರಕೆಯವನು, ತೊಡೆಯ ಮೇಲೆ ಬಟ್ಟೆಯ ಚೀಲದಲ್ಲಿ ತಂತಿ, ಬೆಸುಗೆಯ ಸೀಸ ಇಟ್ಟುಕೊಂಡು ಕೂತಿರುತ್ತಿದ್ದೆ. ಕಿಟಕಿಯಾಚೆ ಬೆಟ್ಟದ ಸಾಲು ನಿಧಾನವಾಗಿ ತಿರುಗುತ್ತಿತ್ತು. ನಾನು ಕಣ್ಣು ಅರೆ ಮುಚ್ಚಿ, ಇನ್ನೂ ಹುಟ್ಟದ ಪೆಟ್ಟಿಗೆಯ ದನಿಯನ್ನು ಕಲ್ಪಿಸಿಕೊಳ್ಳುತ್ತಿದ್ದೆ. ಅದು ಬೆಲ್ಲದ ಬಣ್ಣದ ದನಿ. ಕಾಯಿಸಿದ ತುಪ್ಪದ ಹಾಗೆ ಹರಿಯುವಂಥದ್ದು. ಹಾಗೆ ಕಲ್ಪಿಸಿಕೊಳ್ಳುತ್ತ ಒಂದು ಸಲ ಹನೂರು ದಾಟಿ ಬಹಳ ದೂರ ಹೋಗಿಬಿಟ್ಟಿದ್ದೆ.

ಮಾದೇವನ ಅಪ್ಪನ ಹಳೆಯ ಆಂಪ್ಲಿಫೈಯರಿನಿಂದ ನಾವು ವಾಲ್ವುಗಳನ್ನು ತೆಗೆದೆವು. ಗಾಜಿನ ಬುಡ್ಡಿಯಂಥವು, ಕರೆಂಟು ಹರಿದರೆ ಒಳಗೆ ಕೆಂಡದ ಬಣ್ಣದ ಎಳೆಯೊಂದು ಮೆಲ್ಲನೆ ಎಚ್ಚರವಾಗುತ್ತದೆ. ಅವುಗಳಿಗೆ ಮನೆಯ ಕರೆಂಟೂ ಸಾಲದು, ಅದಕ್ಕಿಂತ ಜೋರಿನದು ಬೇಕು. ಆದ್ದರಿಂದ ಮಾದೇವನ ಶೆಡ್ಡಿನಲ್ಲಿ ಒಂದು ಕಟ್ಟಳೆ ಇತ್ತು: ಪೆಟ್ಟಿಗೆಗೆ ಕೈ ಹಾಕುವಾಗ ಒಂದು ಕೈ ಮಾತ್ರ, ಇನ್ನೊಂದು ಜೇಬಿನಲ್ಲಿ. ಎರಡೂ ಕೈ ಹಾಕಿದರೆ ಕರೆಂಟು ಎದೆಯ ದಾರಿ ಹಿಡಿಯುತ್ತದೆ ಎಂದು ಅವನ ಅಪ್ಪ ಕಲಿಸಿದ್ದರಂತೆ. ಪಂಚೆ ಉಟ್ಟವನಿಗೆ ಜೇಬೆಲ್ಲಿ? ಮಾದೇವ ಎಡಗೈಯನ್ನು ಬೆನ್ನ ಹಿಂದೆ ಪಂಚೆಗೆ ಸಿಕ್ಕಿಸಿಕೊಂಡು, ಬಾಗಿ, ಯಾರಿಗೋ ವಿನಯದಿಂದ ಬಡಿಸುತ್ತಿರುವವನ ಭಂಗಿಯಲ್ಲಿ ಬೆಸುಗೆ ಹಾಕುತ್ತಿದ್ದ. ಪೆಟ್ಟಿಗೆಯ ಮರಕ್ಕೆ ನಮ್ಮ ಮನೆಯಲ್ಲಿ ಬಿಚ್ಚಿಟ್ಟಿದ್ದ ಅಜ್ಜನ ಮಗ್ಗದ ಹಲಗೆ ಕೊಟ್ಟೆ. ನಾವಿಬ್ಬರೂ ಮಾಡಿದ ತಪ್ಪುಗಳಿಗೆ ಲೆಕ್ಕವಿಲ್ಲ. ಒಂದು ಭಾನುವಾರ ಹಾಕಿದ ಬೆಸುಗೆಯನ್ನು ಮುಂದಿನ ಭಾನುವಾರ ಬಿಚ್ಚುವುದೇ ಕೆಲಸವಾಗಿತ್ತು. ಅಂಥ ಸುಖದ ದಿನಗಳು ನನಗೆ ಬೇರೆ ನೆನಪಿಲ್ಲ.

ಅಷ್ಟರಲ್ಲಿ ಸರೋಜಳ ಕತ್ತಿನಲ್ಲಿ ಗ್ರಂಥಿಯೊಂದು ಊದಿಕೊಂಡಿತು. ಮೈಸೂರಿನಲ್ಲಿ ಆಪರೇಷನ್ ಆಯಿತು. ಗಂಟು ಕೆಟ್ಟದ್ದಲ್ಲ ಎಂದು ಗೊತ್ತಾಗಿ ನಾವು ದೇವರಿಗೆ ಕೈ ಮುಗಿದೆವು. ಆದರೆ ದನಿ ಹೋಯಿತು. ದನಿಪಟ್ಟಿಯನ್ನು ಆಡಿಸುವ ನರ ನೂಲಿನಷ್ಟು ಸಣ್ಣದು, ಆ ಗ್ರಂಥಿಗೆ ಅಂಟಿಕೊಂಡೇ ಹೋಗುತ್ತದೆ, ಕೆಲವರಿಗೆ ಅದು ಸ್ವಲ್ಪ ಕಾಲ ಸೋಲುವುದುಂಟು ಎಂದು ಡಾಕ್ಟರು ಮೊದಲೇ ಹೇಳಿದ್ದರು. ತಿಂಗಳುಗಳು ಬೇಕಾಗಬಹುದು, ಬಂದರೂ ಪೂರಾ ಬರದೇ ಇರಬಹುದು ಎಂದರು. ನೂಲಿನ ಮಾತು ನನಗೆ ಅರ್ಥವಾಯಿತು. ಮಗ್ಗಕ್ಕೆ ಬಿಗಿದ ಹಾಸಿನಲ್ಲಿ ಒಂದು ಎಳೆ ಜೋಲು ಬಿದ್ದರೆ ಇಡೀ ಬಟ್ಟೆಗೆ ಗೊತ್ತಾಗುತ್ತದೆ.

ನಮ್ಮ ಮನೆಗೂ ಗೊತ್ತಾಯಿತು. ಸರೋಜಳ ಗಂಟಲಿನಿಂದ ಗಾಳಿ ಮಾತ್ರ ಬರುತ್ತಿತ್ತು, ಬಾಗಿಲ ಸಂದಿಯಿಂದ ಬರುವ ಹಾಗೆ. ಊಟಕ್ಕೆ ಕರೆಯಲು ಸ್ಟೀಲ್ ತಟ್ಟೆಯನ್ನು ಚಮಚದಿಂದ ತಟ್ಟುತ್ತಿದ್ದಳು. ಸಂಜೆ ದೀಪ ಹಚ್ಚಿ ಸುಮ್ಮನೆ ಕೂರುತ್ತಿದ್ದಳು. ಮಗ್ಗದವರು ತಮ್ಮ ಪಾಡಿಗೆ ತಾವು ನೇಯುತ್ತಿದ್ದರು. ರಜೆ ಮುಗಿದ ಮೇಲೆ ಶಾಲೆಗೆ ಹೋದಳು. ಆ ಸಂಜೆ ಬಂದು, ಚಪ್ಪಲಿ ಬಿಟ್ಟು, ನನ್ನ ಗಾದಿಯ ಅಂಚಿಗೆ ಕೂತಳು. ಅವಳ ಮಾತು ಕೇಳಲು ನಾನು ಕಿವಿಯನ್ನು ಅವಳ ಬಾಯಿಯ ಹತ್ತಿರ ಒಯ್ಯಬೇಕಾಗಿತ್ತು.

“ಹಾಜರಿ ಕೂಗಿದ್ದು ಯಾರಿಗೂ ಕೇಳಿಸ್ಲಿಲ್ಲ ಕಣ್ರಿ,” ಎಂದಳು. “ಮಕ್ಕಳೇ ಅಂದಾಜಿನ ಮೇಲೆ ಒಬ್ಬೊಬ್ಬರಾಗಿ ಎದ್ದು ಎಸ್ ಮಿಸ್ ಅಂದ್ವು. ನನಗೆ ಬೇಜಾರಾಗಬಾರದು ಅಂತ. ಆ ಕರುಣೆ ನನ್ನ ಕೈಲಿ ತಡಿಯೋಕಾಗಲ್ಲ. ಕೆಲ್ಸ ಬಿಟ್ಬಿಡ್ತೀನಿ.”

ಮಾರನೆಯ ಭಾನುವಾರ ಹನೂರಿನಲ್ಲಿ ಇದನ್ನು ಮಾದೇವನಿಗೆ ಹೇಳಿದೆ. ಅವನು ಬೆಸುಗೆಯ ಕಡ್ಡಿಯನ್ನು ಕೆಳಗಿಟ್ಟು, ಪಂಚೆಗೆ ಸಿಕ್ಕಿಸಿದ್ದ ಕೈಯನ್ನು ಮುಂದೆ ತಂದು, ಮೊಣಕಾಲ ಮೇಲೆ ಇಟ್ಟುಕೊಂಡ. ನಮ್ಮ ಮದುವೆಯ ದಿನದಿಂದ ಅವನಿಗೆ ಸರೋಜಳ ದನಿಯ ಮೇಲೆ ದೊಡ್ಡ ಗೌರವ; ಅವಳೊಬ್ಬಳಿಗೆ ಮೈಕು ಬೇಡ ಎಂದು ಎಲ್ಲರ ಹತ್ತಿರವೂ ಹೇಳುತ್ತಿದ್ದ. “ಹಂಗಾರೆ ಇದು ನಿನ್ ಗಿಟಾರ್‌ಗೆ ಬ್ಯಾಡ ಕಣ್ಲಾ,” ಎಂದ. “ಟೀಚ್ರಮ್ಮಂಗೆ ಮಾಡನ.”

ಅಲ್ಲಿಂದ ನಮ್ಮ ಆಟ ಕೆಲಸವಾಯಿತು. ಭಾನುವಾರ ಮಾತ್ರವಲ್ಲ, ಅಂಗಡಿಯನ್ನು ಮಗ್ಗದವರಿಗೆ ವಹಿಸಿ ನಡುವಿನ ದಿನಗಳಲ್ಲೂ ಹೋದೆ. ಕೊನೆಗೊಂದು ಮಧ್ಯಾಹ್ನ ಪೆಟ್ಟಿಗೆ ಸಿದ್ಧವಾಯಿತು. ವಾಲ್ವುಗಳು ಒಂದೊಂದಾಗಿ ಕೆಂಪಾದವು. ಪೆಟ್ಟಿಗೆ ಗುಂಯ್ ಎಂದಿತು. ಆಮೇಲೆ ಅದರೊಳಗಿಂದ ಗಂಭೀರವಾದ ಗಂಡು ದನಿಯೊಂದು ತಮಿಳಿನಲ್ಲಿ ಬಾಳೆಯ ಕಂದು ನೆಡುವ ಕ್ರಮವನ್ನು ವಿವರಿಸತೊಡಗಿತು. ನಾವು ಏನನ್ನೂ ಜೋಡಿಸಿರಲಿಲ್ಲ. ನಮ್ಮ ಬೆಸುಗೆ ಎಲ್ಲೋ ತಪ್ಪಿ ಪೆಟ್ಟಿಗೆ ತಾನಾಗಿ ರೇಡಿಯೋ ಆಗಿಬಿಟ್ಟಿತ್ತು. ತಮಿಳುನಾಡಿನ ಗಡಿ ಹತ್ತಿರ, ಗಾಳಿಗೆ ಗಡಿ ಎಲ್ಲಿ? ಮಾದೇವನಿಗೆ ತಮಿಳು ಚೆನ್ನಾಗಿ ಬರುತ್ತದೆ. ಅವನು ಪೂರ್ತಿ ಕೇಳಿ, ಕಂದಿನ ವಿಷಯದಲ್ಲಿ ತಾನು ಮಾಡುತ್ತಿದ್ದುದೇ ಸರಿ ಎಂದು ತೀರ್ಮಾನಿಸಿ, ಆಮೇಲೆ ಬೆಸುಗೆ ಬಿಚ್ಚಿದ.

ರೇಡಿಯೋ ಹೋಯಿತು, ಗುಂಯ್ ಎಂಬುದು ಹೋಗಲಿಲ್ಲ. ಅದು ಮೈಕಿನವರು ಬೈಯುವ ಹಮ್ ಅಲ್ಲ, ಶ್ರುತಿ ಎಂದು ಮಾದೇವ ವಾದಿಸಿದ. ಆಟೋದಲ್ಲಿ ಹೇರಿಕೊಂಡು ಕೊಳ್ಳೇಗಾಲಕ್ಕೆ ತಂದು ನಮ್ಮ ಜಗಲಿಯಲ್ಲಿ ಇಳಿಸಿದೆವು. ಇಬ್ಬರು ಹಿಡಿದರೂ ಒರಳುಕಲ್ಲು ಹೊತ್ತ ಹಾಗಿತ್ತು. ಸರೋಜ ಮೈಕು ಹಿಡಿದು, ನಮ್ಮ ಮುಖ ನೋಡಿ, ಏನು ಹೇಳುವುದೆಂದು ತೋಚದೆ “ಮಕ್ಕಳೇ” ಎಂದಳು. ಮಗ್ಗದ ಹಲಗೆ ನಡುಗಿತು. ಅವಳ ಪಿಸುಮಾತು ದೊಡ್ಡದಾಯಿತು ನಿಜ; ಆದರೆ ಗುಂಯ್ ಎಂಬುದರ ಮೇಲೆ ಸವಾರಿ ಮಾಡಿಕೊಂಡು, ಚಾಮರಾಜನಗರದ ಬಸ್ಸು ಹೊರಡುತ್ತಿದೆ ಎಂದು ನಿಲ್ದಾಣದಲ್ಲಿ ಕೂಗುವ ದನಿಯಲ್ಲಿ ಹೊರಬಂತು. ಬೀದಿಯಲ್ಲಿ ಹೋಗುತ್ತಿದ್ದ ಒಬ್ಬರು ನಿಂತು ನೋಡಿದರು. ಸರೋಜ ನಕ್ಕಳು. ಸದ್ದಿಲ್ಲದ ನಗು, ಹೊಟ್ಟೆ ಹಿಡಿದುಕೊಂಡು. ಆಪರೇಷನ್ ಆದ ಮೇಲೆ ಅವಳು ಹಾಗೆ ನಕ್ಕಿದ್ದು ಅದೇ ಮೊದಲು. ಕಣ್ಣು ಒರೆಸಿಕೊಂಡು, ನನ್ನ ಕಿವಿಯಲ್ಲಿ, ಇದನ್ನು ಯಳಂದೂರಿಗೆ ಬಸ್ಸಿನಲ್ಲಿ ಒಯ್ಯಬೇಕೋ ಲಾರಿಯಲ್ಲೋ ಎಂದು ಕೇಳಿದಳು.

ನಾವಿಬ್ಬರೂ ಅದನ್ನು ಯೋಚಿಸಿಯೇ ಇರಲಿಲ್ಲ. ದನಿ ಹೇಗಿರಬೇಕು, ಮರ ಯಾವುದಿರಬೇಕು, ಬಣ್ಣ ಎಂಥದು ಎಂದೆಲ್ಲ ಭಾನುವಾರಗಟ್ಟಲೆ ಮಾತಾಡಿದ್ದೆವು. ಅದನ್ನು ಒಬ್ಬ ಹೆಂಗಸು ದಿನಾ ಬೆಳಗ್ಗೆ ಊಟದ ಡಬ್ಬಿಯ ಜೊತೆಗೆ ಹಿಡಿದು ಬಸ್ಸು ಹತ್ತಬೇಕು ಎಂಬುದು ನಮ್ಮ ಕನಸಿನೊಳಗೆ ಬಂದಿರಲಿಲ್ಲ. ಸರೋಜ ಒಳಗೆ ಹೋದಳು. ಬಂದಾಗ ಅವಳ ಕೈಯಲ್ಲಿ, ಕಪಾಟಿನ ಮೇಲೆ ಧೂಳು ಹಿಡಿದಿದ್ದ ಚೀನಾದ ಪೆಟ್ಟಿಗೆ ಇತ್ತು. ಕ್ಲಿಪ್ಪನ್ನು ಸೀರೆಯ ಸೊಂಟಕ್ಕೆ ಸಿಕ್ಕಿಸಿಕೊಂಡು, ಹೀಗಿದ್ದರೆ ಆಗುವುದಿಲ್ಲವೇ ಎಂಬಂತೆ ನಮ್ಮ ಕಡೆ ತಿರುಗಿ ನಿಂತಳು.

ಮಾದೇವನಿಗೆ ನೋವಾಯಿತು, ನನಗೂ. ಆಮೇಲೆ ಅವನು ಕೈ ಚಾಚಿ ಆ ಪೆಟ್ಟಿಗೆಯನ್ನು ಕೇಳಿದ. ಗಿಟಾರಿಗೆಂದು ಮಾಡಿದ್ದರಿಂದ ಅದಕ್ಕೆ ಮಾಮೂಲಿ ಕಾಲರ್ ಮೈಕು ಹೊಂದುವುದಿಲ್ಲ, ಮೈಕಿಗೆ ಬೇರೆಯಾಗಿ ಪುಟ್ಟ ಸೆಲ್ಲೊಂದು ಬೇಕು ಎಂದು ಹೇಳಿ, ಹನೂರಿಗೆ ಒಯ್ದ. ಕೆಲವು ದಿನಗಳ ಮೇಲೆ ತಂದುಕೊಟ್ಟ. ಕುಂಕುಮದ ಭರಣಿಯಷ್ಟು ಚಿಕ್ಕ ಡಬ್ಬಿಯಲ್ಲಿ ಸೆಲ್ಲು, ಅದರಿಂದ ಸೆರಗಿಗೆ ಸಿಕ್ಕಿಸುವ ಮೈಕು, ತಂತಿ ಕಾಣದ ಹಾಗೆ ಸೀರೆಯ ಬಣ್ಣದ ನೂಲು ಸುತ್ತಿದ್ದ. ನಮ್ಮ ದೊಡ್ಡ ಪೆಟ್ಟಿಗೆಯಲ್ಲಿ ಅಷ್ಟು ಅಚ್ಚುಕಟ್ಟಾದ ಬೆಸುಗೆ ಒಂದೂ ಇರಲಿಲ್ಲ.

ಸೋಮವಾರ ಸರೋಜಳ ಜೊತೆ ನಾನೂ ಬಸ್ಸು ಹತ್ತಿದೆ. ಯಳಂದೂರಿನಲ್ಲಿ ಗಿರಾಕಿಯೊಬ್ಬರನ್ನು ನೋಡಬೇಕು ಎಂದು ನೆಪ ಹೇಳಿದ್ದೆ. ಅವಳು ನಂಬಲಿಲ್ಲ, ಬೇಡ ಎನ್ನಲೂ ಇಲ್ಲ. ಶಾಲೆಯ ಅಂಗಳದ ಬೇವಿನ ಮರದ ಕಟ್ಟೆಯ ಮೇಲೆ ಕೂತೆ. ಬಿಳಿಗಿರಿ ಬೆಟ್ಟದ ಮೇಲೆ ಮೋಡ ಕೂತಿತ್ತು. ಕಿಟಕಿಯಿಂದ ಹಾಜರಿ ಕೇಳಿಸಿತು. ಅದು ಸರೋಜಳ ದನಿಯಲ್ಲ. ಮೂಗಿನಲ್ಲಿ ಮಾತಾಡುವ ಯಾವಳೋ ಚಿಕ್ಕ ಹುಡುಗಿಯ ದನಿ. ಆದರೂ ಒಂದೊಂದು ಹೆಸರೂ ಸ್ಪಷ್ಟವಾಗಿ ಮರದವರೆಗೆ ಬಂತು. ಪ್ರತಿ ಹೆಸರಿಗೂ ಅದರ ಒಡೆಯರೇ ಉತ್ತರ ಕೊಟ್ಟರು.

ಲೆಕ್ಕ ಮುಗಿದು ಕಥೆಯ ಹೊತ್ತು ಬಂತು. ಕಥೆ ಅವಳದೇ ಕಟ್ಟು. ಬೆಟ್ಟದ ಮೇಲಿನ ರಾಕ್ಷಸನ ಹಿತ್ತಲಿನಲ್ಲಿ ನೆಲ್ಲಿಕಾಯಿ ಆಯಲು ಹೋದ ಒಬ್ಬ ಹುಡುಗಿ. ಹುಡುಗಿ ಮರ ಅಲ್ಲಾಡಿಸುತ್ತಾಳೆ, ಕಾಯಿ ಉದುರುತ್ತದೆ, ರಾಕ್ಷಸ ಎಚ್ಚರಾಗುತ್ತಾನೆ. ಅಷ್ಟರಲ್ಲಿ ಸರೋಜ ಮೇಜಿಗೆ ಒರಗಿರಬೇಕು; ಆ ಇರುವೆಯಷ್ಟು ಸ್ವಿಚ್ಚು ಸರಿದುಬಿಟ್ಟಿದೆ. “ಯಾರದು ನನ್ನ ಹಿತ್ತಲಿನಲ್ಲಿ” ಎಂಬ ಮಾತು ಒಡೆದು, ಹರಿದು, ಗೊರಗೊರ ಗುಡುಗುತ್ತ ಕಿಟಕಿಯಿಂದ ಹೊರಗೆ ಬಂದು ನನ್ನನ್ನು ಕಟ್ಟೆಯಿಂದ ಎಬ್ಬಿಸಿತು. ಹೆಡ್‌ಮೇಷ್ಟ್ರು ಒಂದೇ ಕಾಲಿನಲ್ಲಿ ಚಪ್ಪಲಿ ಮೆಟ್ಟಿಕೊಂಡು ತಮ್ಮ ಕೋಣೆಯಿಂದ ಓಡಿಬಂದರು. ತರಗತಿಯಲ್ಲಿ ಎಲ್ಲ ಮಕ್ಕಳೂ ಒಟ್ಟಿಗೆ ಕಿರುಚಿದರು. ಹೆದರಿಕೆಯ ಕಿರುಚಾಟ ಅಲ್ಲ ಅದು. ಇನ್ನೊಂದು ಸಲ, ಇನ್ನೊಂದು ಸಲ ಎಂದು ಬೆಂಚು ಬಡಿಯುತ್ತಿದ್ದರು.

ನಾನೂ ಹೆಡ್‌ಮೇಷ್ಟ್ರೂ ಕಿಟಕಿಗೆ ಹೋಗಿ ನಿಂತೆವು. ಸರೋಜ ಸೊಂಟದ ಕಡೆ ಬಗ್ಗಿ ಸ್ವಿಚ್ಚನ್ನು ನೋಡುತ್ತಿದ್ದಳು. ಮೆಲ್ಲನೆ ಸರಿಸಿ, ಹುಡುಗಿಯ ಮಾತು ಆಡಿದಳು. ಮತ್ತೆ ಸರಿಸಿ, ರಾಕ್ಷಸನ ಮಾತು ಆಡಿದಳು. ಬರುಬರುತ್ತ ಅವಳ ಬೆರಳಿಗೆ ಧೈರ್ಯ ಬಂತು. ಬೆನ್ನು ನೆಟ್ಟಗಾಯಿತು. ಕೈ ಎತ್ತಿ, ಕಣ್ಣು ಅರಳಿಸಿ, ತರಗತಿಯ ಉದ್ದಕ್ಕೂ ನಡೆಯುತ್ತ ಗರ್ಜಿಸಿದಳು. ಗಂಟಲಿನಿಂದ ಬರುತ್ತಿದ್ದುದು ಗಾಳಿ ಮಾತ್ರ, ಆದರೆ ಮಕ್ಕಳ ಮುಂದೆ ನಿಂತಿದ್ದವಳು ನಾನು ಬಲ್ಲ ಹಳೆಯ ಸರೋಜಳೇ. ಕಥೆ ಮುಗಿದು ಗಂಟೆ ಹೊಡೆದಾಗ ಮುಂದಿನ ಸಾಲಿನ ಹುಡುಗಿಯೊಬ್ಬಳು, “ಮಿಸ್, ನಾಳೀಕೂ ರಾಕ್ಷಸ್ನ ಕರ್ಕ ಬತ್ತೀರಾ?” ಎಂದು ಕೇಳಿದಳು. ಆ ಪ್ರಶ್ನೆಯಲ್ಲಿ ಕರುಣೆ ಒಂದು ಎಳೆಯೂ ಇರಲಿಲ್ಲ.

ಸಂಜೆ ಬಸ್ಸಿನಲ್ಲಿ ಸರೋಜ ಕೆಲಸ ಬಿಡುವ ಮಾತು ಎತ್ತಲಿಲ್ಲ. ಕಿಟಕಿಯಾಚೆ ಕಬ್ಬಿನ ಗದ್ದೆಗಳನ್ನು ನೋಡುತ್ತ ಕೂತಿದ್ದವಳು, ಊರು ಹತ್ತಿರ ಬಂದಾಗ ನನ್ನ ಕಿವಿಗೆ ಬಾಗಿ, “ಸೆಲ್ಲು ಸ್ವಲ್ಪ ಜಾಸ್ತೀನೇ ತಂದಿಡಿ,” ಎಂದಳು.

ಹಾಗಾದರೆ ಕೊಳ್ಳುವುದು ಮೇಲೋ ಕಟ್ಟುವುದು ಮೇಲೋ? ಈ ಪ್ರಶ್ನೆಯನ್ನು ಗಾದಿಯ ಮೇಲೆ ಕೂತು ಬಹಳ ಯೋಚಿಸಿದ್ದೇನೆ, ಯೋಚಿಸುತ್ತ ಅಂಚಿನ ಹಂಸಕ್ಕೆ ಒಂದು ಕಾಲು ಹೆಚ್ಚಿಗೆ ಬರೆದೂ ಇದ್ದೇನೆ. ನಮ್ಮ ಹಳೆಯ ಕಾವ್ಯಗಳಲ್ಲಿ ರೇಷ್ಮೆಗೆ ಚೀನಾಂಬರ ಎಂಬ ಹೆಸರುಂಟು. ರಾಣಿಯರು ಉಡುತ್ತಿದ್ದುದು ಅದನ್ನೇ. ನಾನು ನಮ್ಮದು ನಮ್ಮದು ಎಂದು ಎದೆ ತಟ್ಟಿಕೊಳ್ಳುವ ಈ ಹುಳು ಎಂದೋ ಆ ಕಡೆಯಿಂದಲೇ ಬಂದ ನೆಂಟ. ಇಲ್ಲಿಯ ಹಿಪ್ಪುನೇರಳೆ ಸೊಪ್ಪು ತಿಂದು ತಿಂದು ಮನೆಯವನಾಗಿಬಿಟ್ಟಿದ್ದಾನೆ. ಮೆಣಸಿನಕಾಯಿ ಹಡಗಿನಲ್ಲಿ ಬಂತು. ಈಗ ಅದಿಲ್ಲದ ಬಸ್ಸಾರನ್ನು ಯಾರು ಉಣ್ಣುತ್ತಾರೆ? ಹಾರ್ಮೋನಿಯಂ ಬಂದು ನಾಟಕದವರ ಪಕ್ಕ ಕಾಲು ಮಡಿಚಿ ಕೂತಿತು. ಪಿಟೀಲು ಅಲ್ಲಿ ಭುಜದ ಮೇಲಿತ್ತು, ಇಲ್ಲಿ ಬಂದು ನೆಲಕ್ಕೆ ಕೂತವರ ಎದೆಗೂ ಪಾದಕ್ಕೂ ನಡುವೆ ಒರಗಿಕೊಂಡಿತು. ಬಂದ ವಸ್ತುವಿಗೆ ನಮ್ಮ ಹಾಗೆ ಕೂರಲು ಕಲಿಸುವುದೂ ಒಂದು ಕಟ್ಟೋಣವೇ. ಮಾದೇವ ಸುತ್ತಿದ ಆ ನೂಲು ನೋಡಿದಾಗ ನನಗೆ ಹಾಗೆನ್ನಿಸುತ್ತದೆ. ಅಂಗಡಿಯ ಪಾಠವನ್ನು ನಾನು ಬಿಟ್ಟಿಲ್ಲ, ಹೊಟ್ಟೆಪಾಡು. ಸ್ವಲ್ಪ ಮೆಲ್ಲಗೆ ಹೇಳುತ್ತೇನೆ, ಅಷ್ಟೇ. ಮೊದಲಿಗಿಂತ ಹೆಚ್ಚು ಜನ ಕೇಳುತ್ತಾರೆ ಎಂಬುದು ಅಚ್ಚರಿ.

ದೊಡ್ಡ ಪೆಟ್ಟಿಗೆ ನಮ್ಮ ನಡುಮನೆಯಲ್ಲೇ ಉಳಿಯಿತು. ಅದಕ್ಕೆ ಗಿಟಾರು ಜೋಡಿಸಿದರೆ ನಿಜವಾಗಿಯೂ ಬೆಲ್ಲದ ಬಣ್ಣದ ದನಿ ಬರುತ್ತದೆ ಎಂದು ಹೇಳಿದರೆ, ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತೀರಿ. ಇರಲಿ. ಗುಂಯ್ ಎನ್ನುವುದನ್ನು ಮಾದೇವ ಬಹಳ ಮಟ್ಟಿಗೆ ಇಳಿಸಿದ್ದಾನೆ. ಪೂರಾ ತೆಗೆಯಲು ಅವನಿಗೇ ಮನಸ್ಸಿಲ್ಲ. ತೆಗೆದರೆ ಕೊಳ್ಳೇಗಾಲಕ್ಕೆ ಬರಲು ಅವನಿಗೆ ನೆಪ ಬೇಡವೇ?

ಸರೋಜಳ ದನಿ ಬೇಸಿಗೆಯ ಹೊತ್ತಿಗೆ ಬರತೊಡಗಿತು. ಒಂದೇ ದಿನ ಬರಲಿಲ್ಲ. ಮೊದಲು ಕೆಮ್ಮಿನಲ್ಲಿ, ಆಮೇಲೆ ನನ್ನನ್ನು ಗದರುವಾಗ, ತುಣುಕು ತುಣುಕಾಗಿ. ಡಾಕ್ಟರು ನೋಡಿ, ಇಷ್ಟು ಬಂದದ್ದು ಒಳ್ಳೆಯದು, ಹಳೆಯದೆಲ್ಲ ಬರಲಿಕ್ಕಿಲ್ಲ ಎಂದರು. ಈಗಿನದು ತೆಳ್ಳಗಿನ ದನಿ, ಅಂಚಿನಲ್ಲಿ ಸ್ವಲ್ಪ ಒರಟು. ಅದರಲ್ಲಿ ಹಾಡಲು ಅವಳಿಗೆ ನಾಚಿಕೆ.

ಮೊನ್ನೆ ಒಂದು ಸಂಜೆ ಮಾದೇವ ಬಂದಿದ್ದ. ನಾನು ಗಿಟಾರು ಹಿಡಿದು ಕೂತಿದ್ದೆ. ನಾವಿಬ್ಬರೂ ಒತ್ತಾಯ ಮಾಡಿ, ಪೆಟ್ಟಿಗೆಗೆ ಮೈಕನ್ನೂ ಜೋಡಿಸಿ ಸರೋಜಳ ಕೈಗೆ ಕೊಟ್ಟೆವು. ಬೇಡ ಬೇಡ ಎನ್ನುತ್ತಲೇ ಅವಳು ದೀಪದ ಹೊತ್ತಿನ ಹಳೆಯ ಹಾಡೊಂದನ್ನು ತೆಗೆದಳು. ಮೊದಲ ಸಾಲು ಮುಗಿದು ಎರಡನೆಯದನ್ನು ಎತ್ತುವಾಗ ಇಡೀ ಬೀದಿಯ ಕರೆಂಟು ಹೋಯಿತು. ವಾಲ್ವಿನ ಪೆಟ್ಟಿಗೆ ತಟ್ಟನೆ ನಿಲ್ಲುವುದಿಲ್ಲ. ಒಳಗಿನ ಕೆಂಪು ಆರುವ ತನಕ ದನಿಯನ್ನು ಇಳಿಜಾರಿನಲ್ಲಿ ಮೆಲ್ಲಗೆ ಇಳಿಸಿ ಬಿಡುತ್ತದೆ. ಹಾಗೆ ಪೆಟ್ಟಿಗೆಯ ದನಿ ಇಳಿದು ಇಳಿದು ಇಲ್ಲವಾಯಿತು. ಸರೋಜಳದು ನಿಲ್ಲಲಿಲ್ಲ. ಪೆಟ್ಟಿಗೆ ಎಲ್ಲಿ ಬಿಟ್ಟಿತು, ಅವಳು ಎಲ್ಲಿ ಶುರುವಾದಳು ಎಂದು ನನಗೆ ತಿಳಿಯಲಿಲ್ಲ. ಬಲ್ಬು ಆರಿ ಮಗ್ಗ ನಿಂತಿತ್ತು, ಎದುರು ಮನೆಯ ಟಿವಿ ನಿಂತಿತ್ತು. ಮುಸ್ಸಂಜೆಯ ಬೂದು ಬೆಳಕಿನಲ್ಲಿ ಆ ತೆಳ್ಳಗಿನ, ಒರಟು ಅಂಚಿನ ದನಿ ನಡುಮನೆಗೆ ಸಾಕಾಗುವಷ್ಟು ಇತ್ತು.

ಹಾಡು ಮುಗಿಯುವ ಮೊದಲೇ ಕರೆಂಟು ಬಂತು. ವಾಲ್ವುಗಳು ಕೆಂಪಾಗತೊಡಗಿದವು, ಪೆಟ್ಟಿಗೆ ಗುಂಯ್ ಎನ್ನಲು ಉಸಿರು ಎಳೆದುಕೊಳ್ಳುತ್ತಿತ್ತು. ಸರೋಜ ಹಾಡುವುದನ್ನು ನಿಲ್ಲಿಸಿ ನಮ್ಮ ಕಡೆ ನೋಡಿದಳು. ಜೀವಮಾನವೆಲ್ಲ ಇನ್ನೊಬ್ಬರ ದನಿ ಏರಿಸುತ್ತ ಬಂದ ಮಾದೇವ ಎದ್ದು, ಎಡಗೈಯನ್ನು ಪಂಚೆಗೆ ಸಿಕ್ಕಿಸಿಕೊಂಡು ಬಾಗಿ, ಸ್ವಿಚ್ಚು ಆರಿಸಿ ಬಂದು ಕೂತ.

“ಈಗ ಯೋಳಿ ಟೀಚ್ರಮ್ಮ,” ಎಂದ.

ಅವಳು ಬಿಟ್ಟಲ್ಲಿಂದ ಹಾಡಿದಳು.